ಲಂಡನ್ನಾ, ಸಣ್ಣ ಆಫೀಸಾ? ಚಿಕ್ಕಮಗಳೂರಿನ ತಂಗಿಗೆ ಉತ್ತರ

ತಂಗಿ, ನಿನ್ನ ಪ್ರಶ್ನೆ ಓದಿದೆ. ಬಿ.ಆರ್ಕ್ ಮುಗಿಸಿ ಚಿಕ್ಕಮಗಳೂರಿನಲ್ಲೇ ಕೆಲಸ ಮಾಡ್ತಿದ್ದೀಯ, ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಆರೇಳು ಜನರ ಆರ್ಕಿಟೆಕ್ಟ್ ಆಫೀಸೊಂದು ನಿನ್ನನ್ನು ಕರೆದಿದೆ. ಅದಕ್ಕೆ ಹೂಂ ಅನ್ನಲಾ, ಲಂಡನ್ನಿನ ದೊಡ್ಡ ಕಂಪನಿಗೆ ಕಾಯಲಾ, ಸಂಬಳ ಸಾಲುತ್ತಾ, ಚಳಿ ಹೇಗೆ, ಜನ ಸೇರಿಸಿಕೊಳ್ತಾರಾ ಅಂತ ಕೇಳಿದ್ದೀಯ. ಊರಲ್ಲಿ ಅಜ್ಜಿಯ ತೊಟ್ಟಿ ಮನೆ ಇದೆ ಅಂತಲೂ ಬರೆದಿದ್ದೀಯ. ನಾನು ಮೂಡಿಗೆರೆ ಕಡೆಯವಳು. ಇಂಗ್ಲೆಂಡಿಗೆ ಬಂದಾಗಿನಿಂದ ಇದೇ ಯಾರ್ಕ್‌ಷೈರ್ ಸೀಮೆಯ ಸಣ್ಣ ಆಫೀಸಿನಲ್ಲೇ ಇದ್ದೇನೆ.

ಹೂಂ ಅನ್ನು.

ಸಂಬಳ ಲಂಡನ್ನಿನಷ್ಟು ಬರಲ್ಲ, ಆದರೆ ಅಲ್ಲಿನ ಬಾಡಿಗೆಯೂ ಇಲ್ಲ. ಚಳಿಗಿಂತ ಕತ್ತಲು ಕಷ್ಟ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನಮ್ಮ ಕಡೆಯ ಜುಲೈ ಕಂಡವಳಿಗೆ ಇಲ್ಲಿನ ಮಳೆ ಲೆಕ್ಕಕ್ಕಿಲ್ಲ. ಅಕ್ಕಿ ಹಿಟ್ಟು ಸಿಗುತ್ತದೆ, ಕಡುಬು ಮಾಡಿಕೊಳ್ಳಬಹುದು.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರು. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆಯಲ್ಲ, ಹಾಗೆ ಇಲ್ಲಿ 1997ರದ್ದು. ಇಲ್ಲಿನ ಆರ್ಕಿಟೆಕ್ಟ್ಸ್ ರಿಜಿಸ್ಟ್ರೇಷನ್ ಬೋರ್ಡಿನಲ್ಲಿ ನೋಂದಣಿ ಆಗುವ ತನಕ ವೃತ್ತಿಯಲ್ಲಿ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಊರಲ್ಲಿ ಅಪ್ಪ ಅಮ್ಮ ಹೇಳಿಕೊಳ್ಳಲಿ, ನೀನು ಅಸಿಸ್ಟೆಂಟ್ ಅಂತಲೇ ಬರೆದುಕೊ.

ಸಣ್ಣ ಆಫೀಸು ಅಂದರೆ ಕೆಲಸ ಸಣ್ಣದು ಅಂತ ತಿಳಿಯಬೇಡ. ಒಂದೇ ವಾರದಲ್ಲಿ ಯಾರದೋ ಅಡುಗೆಮನೆ ಹಿಂದಕ್ಕೆ ಬೆಳೆಸುವುದು, ಶಾಲೆಯ ಶೌಚಾಲಯ, ಚರ್ಚಿನ ಸೋರುವ ಮಾಡು, ಹಳೇ ಕೊಟ್ಟಿಗೆಯನ್ನು ಮನೆ ಮಾಡುವುದು, ಎಲ್ಲ ಮೇಜಿನ ಮೇಲಿರುತ್ತದೆ. ಕೊಟ್ಟಿಗೆಯಲ್ಲಿ ಬಾವಲಿ ಇದ್ದರೆ ಕೆಲಸ ನಿಂತಂತೆಯೇ. ಅವಕ್ಕೆ ಕಾನೂನಿನ ರಕ್ಷಣೆ ಇದೆ, ಅವು ಹೊರಗೆ ಬರುವುದನ್ನು ಎಣಿಸುವ ಸರ್ವೆ ಬೇಸಿಗೆಯಲ್ಲೇ ಆಗಬೇಕು. ಕಟ್ಟಲು ಅನುಮತಿ ಕೇಳುವ ಪ್ಲಾನಿಂಗ್ ಅರ್ಜಿ ಹಾಕಿದರೆ ಅಕ್ಕಪಕ್ಕದವರಿಗೆ ಅಭಿಪ್ರಾಯ ಹೇಳಲು 21 ದಿನ. ಮನೆ ವಿಸ್ತರಣೆಯಂಥ ಅರ್ಜಿಗಾದರೆ ತೀರ್ಮಾನಕ್ಕೆ ಸಾಮಾನ್ಯವಾಗಿ 8 ವಾರ. ನಮ್ಮ ಮೇಸ್ತ್ರಿಗಳಿಗೆ ಗೋಡೆ ಮೇಲೆ ಇದ್ದಿಲಲ್ಲಿ ಗೀಚಿ ತೋರಿಸಿದರೆ ಸಾಕಿತ್ತು, ಇಲ್ಲಿ ಕಿಟಕಿ ಒಂದಿಂಚು ಸರಿಸಿದರೂ ಬರಹದಲ್ಲಿರಬೇಕು.

ಜನ ಸೇರಿಸಿಕೊಳ್ತಾರಾ ಅಂದೆ. ಹಳ್ಳಿಯ ಸಮುದಾಯ ಭವನ ರಿಪೇರಿ ಅಂದರೆ ಸಂಜೆ ಸಭೆ ಇರುತ್ತದೆ. ನಕ್ಷೆ ಹರಡಿಕೊಂಡು, ಟೀ ಕುಡಿಯುತ್ತಾ, ಊರಿನ ಹಿರಿಯರು ಒಬ್ಬೊಬ್ಬರಾಗಿ ಬಂದು ಇಲ್ಲಿ ಕುರ್ಚಿ ಎಲ್ಲಿಡೋದು, ಮಕ್ಕಳ ಗಾಡಿ ಒಳಗೆ ಹೇಗೆ ಬರುತ್ತೆ ಅಂತ ಕೇಳ್ತಾರೆ. ಆ ಸಭೆಗಳನ್ನು ತಪ್ಪಿಸಬೇಡ. ನನಗೆ ಈ ಊರಿನವರ ಹೆಸರು ಗೊತ್ತಾಗಿದ್ದು, ಅವರಿಗೆ ನನ್ನ ಹೆಸರು ಬಾಯಿಗೆ ಬಂದಿದ್ದು ಅಲ್ಲೇ. ಆ ಭವನದ ಮುಂದೆ ಹೋಗುವಾಗ ಇವತ್ತಿಗೂ ಹೆಮ್ಮೆಯಾಗುತ್ತದೆ.

ಹೊಸದಾಗಿ ಸೇರಿದವರಿಗೆ ಮೊದಲು ಸಿಗುವುದು ಅಳತೆ ಕೆಲಸ. ನನ್ನನ್ನೂ ಬಂದ ಹೊಸದರಲ್ಲಿ ಟೇಪಿನ ಒಂದು ತುದಿ ಹಿಡಿಸಿ ಒಂದು ಹಳೇ ಕಲ್ಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹಳೇ ಕಟ್ಟಡದಲ್ಲಿ ಯಾವ ಕೋಣೆಯೂ ಮೂಲೆಮಟ್ಟಕ್ಕಿರಲ್ಲ, ಅದಕ್ಕೇ ನಾಲ್ಕು ಬದಿಯ ಜೊತೆಗೆ ಮೂಲೆಯಿಂದ ಮೂಲೆಗೂ ಅಳೆಯಬೇಕು. ಒಂದೊಂದು ತೊಲೆಯನ್ನೂ ಬರೆದುಕೊಂಡೆವು. ದನ ಕಟ್ಟುತ್ತಿದ್ದ ಜಾಗಕ್ಕೆ ಇಷ್ಟು ಮರ್ಯಾದೆಯಾ ಅನ್ನಿಸಿತ್ತು.

ಮುಂದೆ ನಮ್ಮ ಅಜ್ಜಿಯ ತೊಟ್ಟಿ ಮನೆ ಪಾಲಾಯಿತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರಿಲ್ಲದೆ ಮುಚ್ಚಿಗೆ ಕೊಳೆಯಿತು. ಹಲಸಿನ ಕಂಬಗಳನ್ನು ಯಾರೋ ಕೊಂಡರು, ಉಳಿದದ್ದನ್ನು ಕೆಡವಿ ತಾರಸಿ ಮನೆ ಕಟ್ಟಿದರು. ಕೆಡವಿದ್ದಕ್ಕೆ ನನಗೆ ಸಿಟ್ಟಿಲ್ಲ, ಅಲ್ಲಿ ಬಾಳಬೇಕಾದವರು ಅವರು. ಆದರೆ ಆ ಮನೆಯ ಒಂದು ಅಳತೆಯೂ ಯಾರ ಹತ್ತಿರವೂ ಇಲ್ಲ. ಅಟ್ಟದ ಏಣಿ ನಡುಮನೆಯಲ್ಲಿತ್ತು ಅಂತ ಅಮ್ಮ, ಜಗುಲಿಯಿಂದಲೇ ಹತ್ತುತ್ತಿದ್ದೆವು ಅಂತ ಮಾವ. ನೂರಾರು ಹಳೇ ಗೋಡೆ ಅಳೆದ ನಾನು ಇಬ್ಬರ ಮಾತನ್ನೂ ಕೇಳಿಕೊಂಡು ಸುಮ್ಮನಿರಬೇಕು. ಈ ನೋವು ಹೋಗಲ್ಲ ತಂಗಿ.

ಇಂಗ್ಲೆಂಡಿನಲ್ಲಿ ಸಂರಕ್ಷಣೆಯ ಪಟ್ಟಿ ಸೇರಿದ ಕಟ್ಟಡಗಳು ಮೂರೂವರೆ ಲಕ್ಷಕ್ಕಿಂತ ಜಾಸ್ತಿ, ಅದರಲ್ಲಿ ಎಷ್ಟೋ ಬರೀ ವಾಸದ ಮನೆಗಳು. ನಮ್ಮ ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಕೇಂದ್ರದ ರಕ್ಷಣೆಯಲ್ಲಿರುವ ಅಂಥ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವ ಹಾಗಿಲ್ಲ. ನಿನ್ನ ಅಜ್ಜಿಯ ಮನೆಯನ್ನು ಕೇಳುವವರು ಯಾರು? ನೀನೇ.

ವೀಸಾ ಬರುವ ತನಕ ಸಮಯ ಇರುತ್ತೆ ಅಲ್ವಾ, ಒಂದು ಭಾನುವಾರ ಟೇಪು, ನೋಟ್‌ಬುಕ್ ಹಿಡಿದು ಊರಿಗೆ ಹೋಗು. ಗೋಡೆಯ ದಪ್ಪ, ಸೂರಿನ ಎತ್ತರ, ತೊಟ್ಟಿಯ ಉದ್ದಗಲ, ಕಂಬದಿಂದ ಕಂಬಕ್ಕೆ ಎಷ್ಟು, ಬಾಗಿಲುವಾಡ, ಬಚ್ಚಲು ಎಲ್ಲ ಬರೆದುಕೊ. ಅಜ್ಜಿಯನ್ನು ಜೊತೆಗಿಟ್ಟುಕೊ, ಯಾವ ಮೂಲೆಯಲ್ಲಿ ಏನಿತ್ತು ಅಂತ ಅವರೇ ಹೇಳ್ತಾರೆ. ಆ ಹಾಳೆಗಳನ್ನು ಇಲ್ಲಿನ ಆಫೀಸಿಗೂ ತೋರಿಸು, ಕಂಪ್ಯೂಟರಿನ ಬಣ್ಣದ ಚಿತ್ರಗಳಿಗಿಂತ ಅವನ್ನೇ ಜಾಸ್ತಿ ಹೊತ್ತು ನೋಡ್ತಾರೆ.

ಇನ್ನೊಂದು ಮರೆತೆ. ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ನೋಂದಣಿಯ ಖರ್ಚು ಯಾರದ್ದು, ಪರೀಕ್ಷೆಗೆ ಓದಲು ರಜೆ ಕೊಡ್ತೀರಾ ಅಂತ ಇಮೇಲ್‌ನಲ್ಲೇ ಕೇಳು. ಹೊಸಬಳು ಅಂತ ಸಂಕೋಚ ಬೇಡ, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯಲ್ಲ.