ಕೇಳಿ ಮಾರಾಯ್ರೆ: ಬರೀ ಆಟದ ಮಾತಿಗೇ ಒಂದು ರೇಡಿಯೋ ಮಾಡಿದ್ರೆ ನಡೀತದಾ?

ಪ್ರಶ್ನೆ: ನಾವು ಮೂರು ಜನ ಫ್ರೆಂಡ್ಸ್ ಸೇರಿ ಮಂಗಳೂರಲ್ಲಿ ಬರೀ ಸ್ಪೋರ್ಟ್ಸ್ ಬಗ್ಗೆ ಮಾತಾಡುವ ಎಫ್‌ಎಂ ಒಂದು ಶುರು ಮಾಡುವ ಅಂತ ಇದ್ದೇವೆ. ದುಡ್ಡು ಹಾಕುವವ ದುಬೈಯಲ್ಲಿದ್ದಾನೆ. ಮನೆಯಲ್ಲಿ ಹೇಳಿದ್ರೆ ಎಲ್ಲ ನಗ್ತಾರೆ, ಇಷ್ಟು ರೇಡಿಯೋ ಉಂಟಲ್ಲ ಇನ್ನು ನಿಮ್ಮದು ಯಾರಿಗೆ ಬೇಕು ಅಂತ. ನೀವು ಎಂತ ಹೇಳ್ತೀರಿ?
– ಓದುಗರು, ಸುರತ್ಕಲ್

ಉತ್ತರ: ನಗುವವರದ್ದು ಪೂರ್ತಿ ತಪ್ಪು ಅಂತ ಹೇಳ್ಲಿಕ್ಕೆ ಆಗುದಿಲ್ಲ. ನೀವೇ ಲೆಕ್ಕ ಹಾಕಿ, ಮಂಗಳೂರು ಆಕಾಶವಾಣಿ 1976ರಿಂದ ಉಂಟು, ಈಗ 100.3ರಲ್ಲಿ ಎಫ್‌ಎಂ ಕೂಡ ಬರ್ತದೆ, ಮಿರ್ಚಿ 98.3, ರೆಡ್ 93.5, ಬಿಗ್ 92.7, ಅಲೋಶಿಯಸ್ ಕಾಲೇಜಿನವರ ಸಾರಂಗ್ 107.8, ಉಡುಪಿ ಕಡೆ ಹೋದ್ರೆ ಮಣಿಪಾಲದ 90.4, ಇದೆಲ್ಲ ಸಾಲದು ಅಂತ ಎಲ್ಲರ ಕೈಯಲ್ಲೂ ಯೂಟ್ಯೂಬ್. ಆದ್ರೆ ಮಾರ್ಕೆಟ್ ರಶ್ ಉಂಟು ಅಂದಾಗ ಎಂತದ್ದರಲ್ಲಿ ರಶ್ ಅಂತ ಕೂಡ ನೋಡ್ಬೇಕಲ್ಲ. ಹಾಡು, ಸಿನೆಮಾ ಸುದ್ದಿ, ಫೋನ್ ಮಾಡಿ ಬಕ್ರ ಮಾಡುದು, ಇದರಲ್ಲಿ ನಿಮಗೆ ಕಾಲಿಡ್ಲಿಕ್ಕೂ ಜಾಗ ಇಲ್ಲ. ಮೊನ್ನೆ ಶನಿವಾರದ ಕಂಬಳದಲ್ಲಿ ಹಗ್ಗ ಹಿರಿಯ ವಿಭಾಗದ ಫೈನಲ್‌ಗೆ ಯಾರ ಕೋಣ ಬಂತು, ಊರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದಲ್ಲಿ ಕೊನೆಯ ರೈಡ್‌ಗೆ ಅಂಪೈರ್ ಕೊಟ್ಟದ್ದು ಸರಿಯಾ ತಪ್ಪಾ, ಇದನ್ನು ಸೋಮವಾರ ಬೆಳಿಗ್ಗೆ ಕೂತು ಒಂದು ಗಂಟೆ ಜಗಳ ಮಾಡುವ ಜನ ಹೋಟೆಲಲ್ಲಿ ಇದ್ದಾರೆ, ಬಸ್‌ಸ್ಟ್ಯಾಂಡಲ್ಲಿ ಇದ್ದಾರೆ, ರೇಡಿಯೋದಲ್ಲಿ ಮಾತ್ರ ಇಲ್ಲ.

ರಶ್ ಮಾರ್ಕೆಟ್ ಅಂದ್ರೆ ನ್ಯೂಯಾರ್ಕ್‌ಗಿಂತ ದೊಡ್ಡದು ಬೇಕಾ? ಅಲ್ಲಿ 1987ರ ಜುಲೈ 1ಕ್ಕೆ ಡಬ್ಲ್ಯುಎಫ್‌ಎಎನ್ ಅಂತ ದಿನಪೂರ್ತಿ ಸ್ಪೋರ್ಟ್ಸ್ ಮಾತಾಡುವ ಸ್ಟೇಷನ್ ಶುರುವಾಯ್ತು. ಆಗ ಅಲ್ಲೂ ಹೀಗೇ ನಕ್ಕವರು ಇದ್ದರು. ಶುರುವಿಗೆ ಪಾಡು ಪಟ್ಟರು, ಮರುವರ್ಷ 1050 ಫ್ರೀಕ್ವೆನ್ಸಿಯಿಂದ 660ಕ್ಕೆ ಹೋದ್ರು, ಆ 660ರಲ್ಲಿ ಮೊದಲೇ ಹೆಸರು ಮಾಡಿದ್ದ ಡಾನ್ ಐಮಸ್ ಅಂತ ಬೆಳಗ್ಗಿನ ಹೊತ್ತು ಮಾತಾಡುವವರೂ ಇವರ ಜೊತೆ ಬಂದ್ರು, ಆ ಮನುಷ್ಯ ಆಟದವರೇ ಅಲ್ಲ. 1989ರಲ್ಲಿ ಮಧ್ಯಾಹ್ನಕ್ಕೆ ಮೈಕ್ ಫ್ರಾನ್ಸೆಸಾ, ಕ್ರಿಸ್ ರುಸ್ಸೋ ಅಂತ ಇಬ್ಬರನ್ನು ಕೂರಿಸಿದ್ರು, ಅವರಿಬ್ಬರು 2008ರ ತನಕ ಮೈಕ್ ಮುಂದೆ ಜಗಳ ಆಡಿದ್ದೇ ಆಡಿದ್ದು. ಇದರಲ್ಲಿ ನೀವು ನೋಡ್ಬೇಕಾದ್ದು ಎಂತ ಅಂದ್ರೆ, ಊರಿನ ಬೇಸ್‌ಬಾಲ್ ಟೀಮ್ ಮೆಟ್ಸ್‌ನ ಲೈವ್ ಮ್ಯಾಚ್ ಅವರ ಹತ್ರ ಇತ್ತು, ಮ್ಯಾಚ್ ಮುಗಿದ ಮೇಲೆ ಸೋತ ಸಿಟ್ಟು ತೀರಿಸ್ಲಿಕ್ಕೆ ಜನ ಫೋನ್ ಮಾಡುವ ಜಾಗವೂ ಅದೇ ಆಯ್ತು. ಬರೀ ಅಭಿಪ್ರಾಯ ಹೇಳ್ತಾ ಕೂತಿದ್ರೆ ಆಗ್ತಿರ್ಲಿಲ್ಲ.

ಈಗ ಲೈಸೆನ್ಸ್ ವಿಷಯ. ಟವರ್ ಹಾಕಿ ನಾಳೆ ಶುರು ಮಾಡ್ಲಿಕ್ಕೆ ಇದು ಜ್ಯೂಸ್ ಅಂಗಡಿ ಅಲ್ಲ. ಖಾಸಗಿ ಎಫ್‌ಎಂಗೆ ಕಂಪನಿ ಬೇಕು, ಫ್ರೀಕ್ವೆನ್ಸಿ ಹರಾಜಿನಲ್ಲಿ ತೆಗಿಬೇಕು, ಮತ್ತೆ ವರ್ಷ ವರ್ಷ ಫೀಸ್. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಚಾನೆಲ್ ಹರಾಜು ಮಾಡ್ಲಿಕ್ಕೆ ಒಪ್ಪಿತು, ಆದ್ರೆ ಅದು ಇದುವರೆಗೆ ಖಾಸಗಿ ಎಫ್‌ಎಂ ಇಲ್ಲದ ಊರುಗಳಿಗೆ, ಮಂಗಳೂರಿನ ಲೆಕ್ಕ ಅದರಲ್ಲಿ ಇಲ್ಲ. ಸಮುದಾಯ ರೇಡಿಯೋ ಮಾಡುವ ಅಂದ್ರೆ ನಿಮ್ಮ ಮೂರು ಜನರ ಹೆಸರಿಗೆ ಕೊಡುದಿಲ್ಲ, ಲಾಭಕ್ಕಲ್ಲದ ಸಂಸ್ಥೆ ಬೇಕು, ಪವರ್ 100 ವ್ಯಾಟ್, ಸುರತ್ಕಲ್‌ನಲ್ಲಿ ಹಾಕಿದ್ರೆ ಬಿ.ಸಿ. ರೋಡಿನವರು ಮರೆತುಬಿಡ್ಬೇಕು. 2024ರಲ್ಲಿ ಜಾಹೀರಾತಿನ ಮಿತಿ ಗಂಟೆಗೆ 7 ನಿಮಿಷ ಇದ್ದದ್ದನ್ನು 12 ನಿಮಿಷ ಮಾಡಿದ್ರು, ಸರ್ಕಾರಿ ಜಾಹೀರಾತಿಗೆ 10 ಸೆಕೆಂಡಿಗೆ 74 ರೂಪಾಯಿ ಮಾಡಿದ್ರು. ಪೂರ್ತಿ 12 ನಿಮಿಷ ತುಂಬಿದ್ರೂ ಆ ರೇಟಿನಲ್ಲಿ ಗಂಟೆಗೆ 5,328 ರೂಪಾಯಿ, ಮತ್ತೆ ಯಾವ ಸಣ್ಣ ರೇಡಿಯೋಕ್ಕೆ ಎಲ್ಲ ಗಂಟೆಯೂ ತುಂಬ್ತದೆ ಹೇಳಿ. ದುಬೈಯವರಿಗೆ ಈ ಲೆಕ್ಕ ಮೊದಲೇ ಹೇಳಿಬಿಡಿ, ಆಮೇಲೆ ಸ್ನೇಹ ಹಾಳಾಗುದು ಬೇಡ.

ನನ್ನನ್ನು ಕೇಳಿದ್ರೆ ಇರುವ ಯಾವುದಾದ್ರೂ ಒಂದು ಎಫ್‌ಎಂನಲ್ಲಿ ದಿನಕ್ಕೆ ಒಂದು ಗಂಟೆ ಪ್ರಾಯೋಜಿತ ಕಾರ್ಯಕ್ರಮ ತೆಗೊಳ್ಳಿ, ಅದರದ್ದೇ ಆಡಿಯೋ ಯೂಟ್ಯೂಬಿಗೂ ಹಾಕಿ. ಒಂದು ವರ್ಷ ನಡೆಸಿ ನೋಡಿ. ಒಂದು ವರ್ಷ ಯಾಕೆ ಅಂದ್ರೆ ನಿಮ್ಮ ನಿಜವಾದ ಪರೀಕ್ಷೆ ಮಳೆಗಾಲ. ಕಂಬಳ ನವೆಂಬರಿಂದ ಮಾರ್ಚ್ ಹೆಚ್ಚೆಂದ್ರೆ ಏಪ್ರಿಲ್, ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಎಲ್ಲ ಪಂದ್ಯಾಟವೂ ಮಳೆ ಬಂದ ಕೂಡಲೇ ಬಂದ್. ಜೂನ್‌ನಲ್ಲಿ ಮೈಕ್ ಮುಂದೆ ಕೂತು ಎಂತ ಮಾತಾಡ್ತೀರಿ? ಮಳೆಯಲ್ಲೂ ನಿಲ್ಲದ್ದು ಫುಟ್‌ಬಾಲ್, ತುಳುವಿನ ಆಟಿ ತಿಂಗಳಲ್ಲಿ ಊರೂರಿನ ಕೆಸರುಗದ್ದೆ ಕ್ರೀಡಾಕೂಟ, ಆಮೇಲೆ ಶಾಲೆ ಮಕ್ಕಳ ತಾಲೂಕು ಜಿಲ್ಲಾ ಮಟ್ಟದ್ದು. ಹಳೆ ಆಟಗಾರರನ್ನು ಕರೆಸಿ ಮಾತಾಡಿಸ್ಲಿಕ್ಕೂ ಇದೇ ಹೊತ್ತು. 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಭಾರತಕ್ಕೆ ಮೊದಲ ಮೆಡಲ್ ತಂದದ್ದು ಕುಂದಾಪುರ ಕಡೆಯ ಗುರುರಾಜ ಪೂಜಾರಿ, ಕಬಡ್ಡಿಯ ಮಮತಾ ಪೂಜಾರಿ ಕಾರ್ಕಳದ ಕಡೆಯವರು, ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ. ಇವರನ್ನು ಸನ್ಮಾನಕ್ಕೆ ಕರೆದು ಶಾಲು ಹಾಕಿ ಕಳಿಸ್ತಾರೆ, ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಕಾಲಿಟ್ಟಾಗ ಎಂತ ಯೋಚನೆ ಬರ್ತದೆ ಅಂತ ಅರ್ಧ ಗಂಟೆ ಕೂತು ಕೇಳಿದವರು ಎಷ್ಟು ಜನ?

ಪ್ರಶ್ನೆ: ಖಾಸಗಿ ರೇಡಿಯೋದವರು ಕಂಬಳ ಲೈವ್ ಕೊಡುವ ಹಾಗಿಲ್ಲ, ಅವರಿಗೆ ನ್ಯೂಸ್ ಓದ್ಲಿಕ್ಕೇ ಬಿಡುದಿಲ್ಲ ಅಂತ ನಮ್ಮ ಬಾವ ಹೇಳ್ತಾರೆ. ಹೌದಾ?
– ಗೃಹಿಣಿ, ಕಾರ್ಕಳ

ಉತ್ತರ: ಬಾವನವರದ್ದು ಅರ್ಧ ಸರಿ ಅಕ್ಕ. ಖಾಸಗಿ ಎಫ್‌ಎಂಗಳಿಗೆ ಸ್ವಂತ ನ್ಯೂಸ್ ಇಲ್ಲ, ಬೇಕಾದ್ರೆ ಆಕಾಶವಾಣಿಯ ನ್ಯೂಸನ್ನು ಇದ್ದ ಹಾಗೇ ಹಾಕಬಹುದು ಅಷ್ಟೇ. ಆದ್ರೆ 2011ರ ಎಫ್‌ಎಂ ನೀತಿಯಲ್ಲಿ ಆಟದ ಮಾಹಿತಿ ನ್ಯೂಸ್ ಲೆಕ್ಕಕ್ಕೆ ಬರುದಿಲ್ಲ ಅಂತ ಬರ್ದಿದ್ದಾರೆ, ಲೈವ್ ಬೇಡ ಅಂತಲೂ ಬರ್ದಿದ್ದಾರೆ, ಅದರ ಬೆನ್ನಿಗೇ ಸ್ಥಳೀಯ ಆಟಗಳ ಲೈವ್ ಕಾಮೆಂಟರಿ ಆದೀತು ಅಂತಲೂ ಉಂಟು. ನೋಡಿ ಮಜಾ, ದೊಡ್ಡ ಆಟದ ಬಾಗಿಲು ಹಾಕಿ ನಮ್ಮ ಕಂಬಳ, ಕಬಡ್ಡಿಯ ಬಾಗಿಲು ತೆರೆದಿಟ್ಟಿದ್ದಾರೆ, ಒಳಗೆ ಹೋಗುವವರೇ ಕಡಿಮೆ. ಕಂಬಳ ಸಮಿತಿಯ ಒಪ್ಪಿಗೆ ಮಾತ್ರ ಬೇಕು.

ಅಂತಹ ಒಂದು ರೇಡಿಯೋ ಇದ್ದಿದ್ರೆ ಅಂತ ನನಗೆ ತುಂಬಾ ಅನ್ನಿಸಿದ್ದು 2020ರ ಫೆಬ್ರವರಿಯಲ್ಲಿ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದ್ರೆ ಕೋಣ ಓಡುವ ಕೆಸರಿನ ಟ್ರ್ಯಾಕನ್ನು, 13.62 ಸೆಕೆಂಡಿನಲ್ಲಿ ಓಡಿದ್ರು, ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಅಂದ್ರು, ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ ಅಂತ ದೇಶ ಪೂರ್ತಿ ಕುಣೀತು, ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದ್ರು, ಗೌಡರು ಬರುದಿಲ್ಲ ಅಂದ್ರು. ಕೆಸರು ನೀರಿನಲ್ಲಿ ಓಡುದು ಸಿಂಥೆಟಿಕ್ ಟ್ರ್ಯಾಕಿಗಿಂತ ಕಷ್ಟ ನಿಜ, ಆದ್ರೆ ಮುಂದಿನಿಂದ ಒಂದು ಜೊತೆ ಕೋಣ ಎಳೀತಾ ಇರ್ತದಲ್ಲ, ಎರಡನ್ನು ಒಂದೇ ತಕ್ಕಡಿಗೆ ಹಾಕ್ಲಿಕ್ಕೆ ಆಗ್ತದಾ? ಇದನ್ನು ಬಿಡಿಸಿ ಹೇಳ್ಲಿಕ್ಕೆ ಬಂಟ್ವಾಳದ ಯಾವ ಕೋಣದ ಯಜಮಾನರಾದ್ರೂ ಸಾಕಿತ್ತು, ಮೈಕ್ ದೆಹಲಿಯವರ ಕೈಯಲ್ಲಿತ್ತು.

ಪ್ರಶ್ನೆ: ಐಪಿಎಲ್ ಕಾಮೆಂಟರಿ ಇಲ್ಲದೆ ಸ್ಪೋರ್ಟ್ಸ್ ರೇಡಿಯೋ ಯಾರು ಕೇಳ್ತಾರೆ?
– ಕಾಲೇಜು ವಿದ್ಯಾರ್ಥಿ, ಮಣಿಪಾಲ

ಉತ್ತರ: ಬಾಲ್ ಬಾಲಿಗೂ ಕಾಮೆಂಟರಿ ಕೊಡ್ಲಿಕ್ಕೆ ಆಗುದಿಲ್ಲ, ಮೇಲೆ ಹೇಳಿದೆನಲ್ಲ. ಮ್ಯಾಚ್ ಆದ ಮೇಲೆ ಬೆಳಗಾಗುವ ತನಕ ಮಾತಾಡಿ, ಯಾರೂ ಬೇಡ ಅನ್ನುದಿಲ್ಲ. ಕೆ.ಎಲ್. ರಾಹುಲ್ ಆಡಿ ಬೆಳೆದದ್ದು ಸುರತ್ಕಲ್‌ನ ಎನ್‌ಐಟಿಕೆ ಮೈದಾನದಲ್ಲಿ, ಅವರು ಓಪನಿಂಗ್ ಬರ್ಬೇಕಾ ನಾಲ್ಕನೇ ನಂಬರಾ ಅಂತ ಒಂದು ಪ್ರಶ್ನೆ ಬಿಟ್ರೆ ನಿಮ್ಮ ಎರಡು ಗಂಟೆ ಮುಗೀತು.

ಪ್ರಶ್ನೆ: ರೇಡಿಯೋದವರು ಜಾಹೀರಾತು ಕೇಳಿಕೊಂಡು ಬರ್ತಾರೆ, ಲಕ್ಷ ಜನ ಕೇಳ್ತಾರೆ ಅಂತಾರೆ. ನಂಬುದು ಹೇಗೆ?
– ಸ್ಪೋರ್ಟ್ಸ್ ಸಾಮಾನಿನ ಅಂಗಡಿಯವರು, ಉಡುಪಿ

ಉತ್ತರ: ಕಾಗದದಲ್ಲಿ ತೋರಿಸಿ ಅಂತ ಕೇಳಿ, ಎಂತ ತೋರಿಸ್ತಾರೆ ನೋಡುವ. ರೇಡಿಯೋ ಕೇಳುಗರನ್ನು ಅಳೆಯುವ ರ‍್ಯಾಮ್ ಅನ್ನುವ ವ್ಯವಸ್ಥೆ ಬಂದದ್ದು ದೆಹಲಿ, ಮುಂಬೈ, ಕೋಲ್ಕತ್ತಾ, ಬೆಂಗಳೂರಿಗೆ. ನಮ್ಮಲ್ಲಿ ಹೇಳುದೆಲ್ಲ ಅಂದಾಜೇ. ಎಫ್‌ಎಂ ಬಾರದ ಫೋನುಗಳೂ ಜಾಸ್ತಿ ಆಗಿವೆ, 2023ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆಯೇ ಫೋನ್ ಕಂಪನಿಯವರಿಗೆ ಎಫ್‌ಎಂ ಬಂದ್ ಮಾಡ್ಬೇಡಿ ಅಂತ ಸಲಹೆ ಕಳಿಸ್ಬೇಕಾಯ್ತು. ನೀವು ಒಂದು ಕೆಲಸ ಮಾಡಿ, ರೇಡಿಯೋ ಕೇಳಿ ಬಂದವರಿಗೆ ಮಾತ್ರ ಶಟಲ್ ಡಬ್ಬಕ್ಕೆ ರಿಯಾಯಿತಿ ಅಂತ ಒಂದು ತಿಂಗಳು ಹಾಕಿಸಿ, ಎಷ್ಟು ಜನ ಬಂದ್ರು ಅಂತ ಬರ್ದಿಡಿ. ಬಾರದಿದ್ರೆ ಮುಂದಿನ ತಿಂಗಳು ಕೊಡ್ಬೇಡಿ.

ಪ್ರಶ್ನೆ: ನಾನು ಕಬಡ್ಡಿ ಪಂದ್ಯಾಟಗಳಲ್ಲಿ ಮೈಕ್ ಹಿಡಿಯುವವ, ಕೆಲವು ಕಂಬಳದಲ್ಲೂ ಹೇಳಿದ್ದೇನೆ. ಇಂತಹ ರೇಡಿಯೋ ಬಂದ್ರೆ ನನ್ನಂತವರಿಗೆ ಕೆಲಸ ಉಂಟಾ?
– ಉದ್ಘೋಷಕರು, ಮೂಡುಬಿದಿರೆ

ಉತ್ತರ: ನಿಮ್ಮನ್ನು ಬಿಟ್ಟು ಬೇರೆ ಯಾರನ್ನು ತೆಗೊಳ್ತಾರೆ? ಬೆಂಗಳೂರಿಂದ ತಂದ ಸ್ವರಕ್ಕೆ ಕಂಬಳದ ವಿಭಾಗಗಳಲ್ಲಿ ಕನೆಹಲಗೆ ಯಾವುದು ಅಡ್ಡಹಲಗೆ ಯಾವುದು ಅಂತ ಕಲಿಸುವಾಗ ಸೀಸನ್ ಮುಗೀತದೆ. ಆದ್ರೆ ಮೈದಾನದ ಮೈಕ್ ಬೇರೆ, ರೇಡಿಯೋದ ಮೈಕ್ ಬೇರೆ. ಮೈದಾನದಲ್ಲಿ ನೀವು "ಎಂಥ ರೈಡ್ ಮಾರಾಯ್ರೆ, ಎಂಥ ರೈಡ್!" ಅಂದ್ರೆ ಸಾಕು, ರೈಡ್ ಎಲ್ಲರಿಗೂ ಕಾಣ್ತದೆ. ಪಡುಬಿದ್ರಿ ಹೈವೇಯಲ್ಲಿ ಕಾರು ಬಿಡುವವನಿಗೆ ಅದರಿಂದ ಎಂತ ಗೊತ್ತಾಯ್ತು? ಅವನಿಗೆ ಹೀಗೆ ಹೇಳ್ಬೇಕು: ಎರಡನೇ ಅರ್ಧ, ಇನ್ನು ನಾಲ್ಕು ನಿಮಿಷ, ಮೂಡುಬಿದಿರೆ 21 ಕಾರ್ಕಳ 19, ರೈಡ್ ಮೂಡುಬಿದಿರೆಯದ್ದು, ಕಾರ್ಕಳದ ಕೋರ್ಟಿನಲ್ಲಿ ಉಳಿದದ್ದು ಮೂರೇ ಜನ, ಹಿಡಿದ್ರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್ ಬಂದು ಸಮ ಆಗ್ತದೆ. ಈಗ ಕೇಳುವವ ಕಾರು ಬದಿಗೆ ಹಾಕ್ತಾನೆ. ಎರಡು ರೈಡಿಗೊಮ್ಮೆ ಸ್ಕೋರ್ ಹೇಳಿ, ಈಗಷ್ಟೇ ರೇಡಿಯೋ ಹಾಕಿದವ ಯಾವಾಗಲೂ ಇರ್ತಾನೆ.

ಕಂಬಳದಲ್ಲಿ ಇದು ಉಲ್ಟಾ. ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಓಟವೇ ಮುಗಿಯುದು, ಅಷ್ಟರಲ್ಲಿ ವಿವರಿಸ್ಲಿಕ್ಕೆ ಹೋಗ್ಬೇಡಿ, ಕೋಣ ಬಿಡುವ ಮೊದಲೇ ಯಾವ ಕರೆಯಲ್ಲಿ ಯಾರದ್ದು, ಓಡಿಸುವವರು ಯಾರು, ಹೋದ ವಾರ ಎಷ್ಟು ಟೈಮ್ ಮಾಡಿತ್ತು ಎಲ್ಲ ಹೇಳಿ ಮುಗಿಸಿ. ಓಡುವಾಗ ಬಾಯಿ ಮುಚ್ಚಿ, ಮೈಕನ್ನು ಕರೆಯ ಕಡೆ ತಿರುಗಿಸಿ, ಆ ನೀರಿನ ಸದ್ದು, ಬೊಬ್ಬೆ ಎರಡೂ ನಿಮಗಿಂತ ಚಂದ ಹೇಳ್ತದೆ. ಕರೆಯ ಕೊನೆಯ ಮಂಜೊಟ್ಟಿ ಹತ್ತಿದ ಮೇಲೆ ಟೈಮ್ ಹೇಳಿ. ಕನೆಹಲಗೆಗೆ ಮಾತ್ರ ಮೇಲೆ ಕಟ್ಟಿದ ನಿಶಾನೆಯ ಲೆಕ್ಕ ಬಿಡಿಸಿ ಹೇಳ್ಬೇಕು, ಚಿಮ್ಮಿದ ನೀರು ಆರೂವರೆ ಕೋಲು ಎತ್ತರಕ್ಕೆ ಹೋಯ್ತಾ ಏಳೂವರೆಗೆ ತಾಗಿತಾ ಅಂತ. ಮತ್ತೆ ದಯವಿಟ್ಟು ವೇದಿಕೆಗೆ ಬಂದ ಗಣ್ಯರ ಪಟ್ಟಿ ರೇಡಿಯೋದಲ್ಲಿ ಓದ್ಬೇಡಿ, ಮೈದಾನದಲ್ಲಿ ಬೇರೆ ದಾರಿ ಇಲ್ಲದೆ ಓದ್ತೀರಿ ಅಂತ ಗೊತ್ತುಂಟು.

ಈಗಲೇ ಒಂದು ಪಂದ್ಯಾಟದ್ದು ಫೋನಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ಆಟ ನೋಡದವರಿಗೆ ಕೇಳಿಸಿ, ಮಧ್ಯದಲ್ಲಿ ನಿಲ್ಲಿಸಿ ಸ್ಕೋರ್ ಎಷ್ಟು ಅಂತ ಕೇಳಿ. ಹೇಳಿದ್ರೆ ಆ ರೆಕಾರ್ಡನ್ನೇ ಹಿಡ್ಕೊಂಡು ಹೋಗಿ ಕೆಲಸ ಕೇಳಿ. ಸಂಬಳದ ಮಾತು ಬಂದಾಗ ಮ್ಯಾಚಿಗೆ ಇಷ್ಟು ಅಂತ ಮೊದಲೇ ಮಾತಾಡ್ಕೊಳ್ಳಿ, ರಾತ್ರಿ ಎರಡು ಗಂಟೆಗೆ ವಾಪಸ್ ಬರುವ ಗಾಡಿಯ ಬಾಡಿಗೆ ಬೇರೆ.