ಮಠದ ಕಾಲೇಜಿನಲ್ಲಿ ಸಾಫ್ಟ್‌ವೇರ್ ಓದು: ಲಿಂಗಸೂಗೂರು ತಾಲ್ಲೂಕಿನ ಓದುಗರಿಗೆ ಉತ್ತರ

ಬಂದ ಪತ್ರದ ಸಾರ ಇದು: "ಮಗಳು ಪಿಯುಸಿ ಕಾಮರ್ಸ್ ಪಾಸಾಗ್ಯಾಳ. ಸಾಫ್ಟ್‌ವೇರ್ ಕಲೀತೀನಿ ಅಂತಾಳ. ಬೆಂಗಳೂರಿಗೆ ಕಳಸೋ ಶಕ್ತಿ ನಮಗಿಲ್ಲ. ಇಲ್ಲೇ ಸಮೀಪ ಒಂದು ಮಠದ ಕಾಲೇಜಿನ್ಯಾಗ ಬಿಸಿಎ ಐತಿ, ಹೆಣ್ಣುಮಕ್ಕಳ ಹಾಸ್ಟೆಲ್ ಐತಿ, ಫೀ ಕಮ್ಮಿ. ಆದ್ರ ಹಾಸ್ಟೆಲ್‌ನ್ಯಾಗ ಮೊಬೈಲ್ ಇಟಗೊಳ್ಳಂಗಿಲ್ಲ, ಮುಂಜಾನೆ ಪ್ರಾರ್ಥನಾಕ್ಕ ಬರಬೇಕು ಅಂತಾರ. ನಾವು ಬ್ಯಾರೆ ಧರ್ಮದವ್ರು. ನಮ್ಮ ಬೀಗರು 'ಮಠದಾಗ ಭಜನಿ ಕಲಸ್ತಾರ, ಸಾಫ್ಟ್‌ವೇರ್ ಯಾರು ಕಲಸ್ತಾರ' ಅಂತ ನಗ್ತಾರ. ಏನು ಮಾಡೂಣ್ರಿ?"

ಬೀಗರ ಮಾತಿಗೆ ಉತ್ತರ ಸುಲಭ. ಬಿಸಿಎ ಪಠ್ಯಕ್ರಮ ಬರೆಯುವುದು ಮಠವಲ್ಲ, ವಿಶ್ವವಿದ್ಯಾಲಯ. ಪ್ರಶ್ನೆಪತ್ರಿಕೆ ಅಲ್ಲಿಂದ ಬರುತ್ತದೆ, ಪದವಿ ಪ್ರಮಾಣಪತ್ರವೂ ಅಲ್ಲಿಂದಲೇ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಈಗ ಬೇರೆ ಬೇರೆ ವಿಶ್ವವಿದ್ಯಾಲಯಗಳಿವೆ. ನಿಮ್ಮ ಕಾಲೇಜು ಯಾವುದಕ್ಕೆ ಸೇರಿದೆ ಎಂದು ಕೇಳಿ, ಈ ವರ್ಷದ ಸಂಯೋಜನೆಯ (ಅಫಿಲಿಯೇಶನ್) ಆದೇಶ ತೋರಿಸಿ ಎನ್ನಿ. 2024-25ರಿಂದ ಬಿಸಿಎ ಕೋರ್ಸು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ವ್ಯಾಪ್ತಿಗೂ ಬಂದಿದೆ, ಆ ಅನುಮೋದನೆ ಪತ್ರವನ್ನೂ ನೋಡಿ. ಅದೇ ವರ್ಷದಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ನಾಲ್ಕು ವರ್ಷ ಎಂದು ಯಾರಾದರೂ ಹೇಳಿದರೆ ಹಳೆಯ ಮಾತು ಹೇಳುತ್ತಿದ್ದಾರೆ ಎಂದುಕೊಳ್ಳಿ.

ಪ್ರಾರ್ಥನೆಯ ವಿಷಯದಲ್ಲಿ ಸಂವಿಧಾನ ಸ್ಪಷ್ಟವಾಗಿದೆ. 28ನೇ ವಿಧಿಯ 3ನೇ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ಸಂಸ್ಥೆಗೆ ಹೊಂದಿಕೊಂಡ ಆವರಣವೂ ಆ ಮಾತಿನಲ್ಲಿ ಸೇರುತ್ತದೆ, ಅಂದರೆ ಕಾಲೇಜಿಗೆ ಅಂಟಿಕೊಂಡ ಹಾಸ್ಟೆಲ್ ಕೂಡ. ವಿದ್ಯಾರ್ಥಿನಿಗೆ 18 ತುಂಬಿರದಿದ್ದರೆ ಒಪ್ಪಿಗೆ ಪೋಷಕರದು. ಇಲ್ಲಿ ಜನ ಎಡವುವುದು ಸಹಿಯಲ್ಲಿ. ಹಾಸ್ಟೆಲ್ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರದ ನಿಯಮಗಳಲ್ಲಿ "ಎಲ್ಲ ಧಾರ್ಮಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸಲು ಒಪ್ಪಿದ್ದೇನೆ" ಎಂಬ ಸಾಲು ಇರಬಹುದು. ಸಹಿ ಹಾಕಿದರೆ ಒಪ್ಪಿಗೆ ಕೊಟ್ಟಂತೆ. ಓದಿ, ಬೇಡವಾದರೆ ಆ ಸಾಲು ಹೊಡೆದು, ಪ್ರಿನ್ಸಿಪಾಲರ ಎದುರೇ ಸಹಿ ಮಾಡಿ. ಜಗಳ ತೆಗೆಯಬೇಕಿಲ್ಲ. ಈ ಭಾಗದ ಮಠಗಳ ಪ್ರಸಾದ ನಿಲಯಗಳಲ್ಲಿ ಜಾತಿ ಧರ್ಮ ನೋಡದೆ ಮಕ್ಕಳನ್ನು ಇಟ್ಟುಕೊಂಡು ಓದಿಸಿದ ಪರಂಪರೆ ದೊಡ್ಡದು. ಕೇಳಿದರೆ ಬಹಳ ಕಡೆ ಬಿಡುತ್ತಾರೆ. ಕೇಳದೆ ಸೇರಿಸಿ ಆಮೇಲೆ ತಕರಾರು ಮಾಡಿದರೆ ಕಷ್ಟ ಮಗಳಿಗೆ.

ಮೊಬೈಲ್ ನಿಷೇಧ ನಮ್ಮ ಲೆಕ್ಕದಲ್ಲಿ ದೊಡ್ಡ ಅಡ್ಡಿಯಲ್ಲ. ಲ್ಯಾಪ್‌ಟಾಪ್ ನಿಷೇಧ ಇದ್ದರೆ ಮಾತ್ರ ಆ ಹಾಸ್ಟೆಲ್ ಬೇಡ. ಎರಡನ್ನೂ ಒಂದೇ ನಿಯಮದಲ್ಲಿ ಸೇರಿಸಿಬಿಡುವ ವಾರ್ಡನ್‌ಗಳಿದ್ದಾರೆ, ಆದ್ದರಿಂದ ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಕೇಳಿ: ಲ್ಯಾಪ್‌ಟಾಪ್ ಎಷ್ಟು ಗಂಟೆಯವರೆಗೆ, ಯಾವ ಕೋಣೆಯಲ್ಲಿ, ವೈಫೈ ಎಷ್ಟಕ್ಕೆ ಬಂದ್? ಮೊಬೈಲ್ ಇಲ್ಲದಿದ್ದರೆ ಸಿಕ್ಕಿಕೊಳ್ಳುವುದು ಒಟಿಪಿ. ಬರೆದ ಕೋಡ್ ಇಡುವ ಗಿಟ್‌ಹಬ್ ಖಾತೆಗೆ ಎರಡು ಹಂತದ ಲಾಗಿನ್ ಬೇಕಾಗುತ್ತದೆ. ಆ ಲಾಗಿನ್ ಹೊಂದಿಸಿದ ದಿನವೇ ಅದು ಕೊಡುವ ರಿಕವರಿ ಕೋಡ್‌ಗಳನ್ನು (ಬೇರೆ ದಾರಿ ಇಲ್ಲದಾಗ ಒಳಹೋಗುವ ಕೋಡ್) ಪ್ರಿಂಟ್ ತೆಗೆದು ಟ್ರಂಕಿನಲ್ಲಿಡಲಿ. ಪ್ರತಿಸಲದ ಆರು ಅಂಕಿಯ ಕೋಡ್‌ಗೆ ಫೋನೇ ಬೇಕೆಂದಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಕೀಪಾಸ್‌ಎಕ್ಸ್‌ಸಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೂ ಬರುತ್ತದೆ. ಸ್ಕಾಲರ್‌ಶಿಪ್ ಅರ್ಜಿಯ ಒಟಿಪಿ ನಿಮ್ಮ ಫೋನಿಗೆ ಬರಲಿ. ಅರ್ಜಿ ತುಂಬುವ ದಿನ ನೀವು ಫೋನ್ ಎತ್ತಿದರಾಯಿತು.

ಇಂಟರ್ನೆಟ್ ಇರುವುದು ಲ್ಯಾಬಿನಲ್ಲಿ ಮಾತ್ರ ಎಂದಾದರೆ ಹೀಗೆ ಮಾಡಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಬೇಕಾದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಲ್ಯಾಬಿನಲ್ಲಿ 'ಪಿಪ್ ಡೌನ್‌ಲೋಡ್' ಆದೇಶ ಕೊಟ್ಟು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ರೂಮಿನಲ್ಲಿ ಇಂಟರ್ನೆಟ್ ಇಲ್ಲದೆಯೇ ಇನ್‌ಸ್ಟಾಲ್ ಮಾಡಬಹುದು. ಕೆಡುವುದು ಎಲ್ಲಿ ಅಂದರೆ, ಲ್ಯಾಬಿನ ಪೈಥಾನ್ ಆವೃತ್ತಿ ಮತ್ತು ಲ್ಯಾಪ್‌ಟಾಪ್‌ನ ಆವೃತ್ತಿ ಬೇರೆಯಿದ್ದರೆ ಇಳಿಸಿದ ಕಡತಗಳಲ್ಲಿ ಕೆಲವು ಕೂರುವುದೇ ಇಲ್ಲ. ಎರಡೂ ಕಡೆ ಒಂದೇ ಆವೃತ್ತಿ ಇರಲಿ. ಪೈಥಾನ್‌ನ ಪೂರ್ತಿ ಕೈಪಿಡಿಯೂ ಡೌನ್‌ಲೋಡ್‌ಗೆ ಸಿಗುತ್ತದೆ. ಯೂಟ್ಯೂಬ್ ನೋಡಿ ತಲೆಯಾಡಿಸುವುದಕ್ಕಿಂತ ಆ ಕೈಪಿಡಿ ತೆರೆದಿಟ್ಟುಕೊಂಡು ಒದ್ದಾಡುವವರು ಬೇಗ ಕಲಿಯುತ್ತಾರೆ ಎನ್ನುವುದು ನಮ್ಮ ಅಭಿಪ್ರಾಯ.

ಇನ್ನು ನೀವು ಕೇಳದೆ ಬಿಟ್ಟ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಲ್ಯಾಬ್. ತರಗತಿ ನಡೆಯುವ ದಿನವೇ ಹೋಗಿ, ರಜೆಯಲ್ಲಿ ಹೋದರೆ ಸಾಲಾಗಿ ಜೋಡಿಸಿಟ್ಟ ಕಂಪ್ಯೂಟರ್ ಕಾಣುತ್ತವೆ, ಎಷ್ಟು ನಡೆಯುತ್ತವೆ ಎಂಬುದು ಕಾಣುವುದಿಲ್ಲ. ಒಂದು ಬ್ಯಾಚಿಗೆ ಎಷ್ಟು ಮಂದಿ, ಆನ್ ಆಗಿರುವ ಯಂತ್ರ ಎಷ್ಟು, ಎಣಿಸಿ. ಒಂದರ ಮುಂದೆ ಇಬ್ಬರು ಕೂತಿದ್ದರೆ ಒಬ್ಬಳು ಟೈಪ್ ಮಾಡುತ್ತಾಳೆ, ಇನ್ನೊಬ್ಬಳು ಮೂರು ವರ್ಷ ನೋಡಿಯೇ ಪಾಸಾಗುತ್ತಾಳೆ. ಕರೆಂಟ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ, ಕ್ಲಾಸು ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತದೆಯೇ, ಬೀಗದ ಕೈ ಯಾರ ಹತ್ತಿರ, ಇವನ್ನೂ ಕೇಳಿ. ವೇಳಾಪಟ್ಟಿಯ ಲ್ಯಾಬ್ ಅವಧಿ ಪರೀಕ್ಷೆಗೆ ಸಾಕು, ಕೆಲಸಕ್ಕೆ ಸಾಲದು. ಅದರ ಮೇಲೆ ವಾರಕ್ಕೆ ಕನಿಷ್ಠ 10 ಗಂಟೆ ಸ್ವಂತ ಕೈಯಿಂದ ಕೋಡ್ ಬರೆಯಲು ಜಾಗ ಬೇಕು.

ಮಗಳನ್ನೂ ಕರೆದುಕೊಂಡು ಹೋಗುತ್ತೀರಲ್ಲ, ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಸಣ್ಣ ಕೆಲಸ ಕೊಡಲು ಮೇಷ್ಟ್ರನ್ನು ಕೇಳಿ: ಸಿ ಭಾಷೆಯಲ್ಲಿ 8ರ ಫ್ಯಾಕ್ಟೋರಿಯಲ್ ಮಾಡಿ ತೋರಿಸುವುದು. 1ರಿಂದ 8ರವರೆಗೆ ಗುಣಿಸಿದರೆ 40320 ಬರಬೇಕು. ಪರದೆಯ ಮೇಲೆ ಮೈನಸ್ 25216 ಬಂದರೆ ಅಲ್ಲಿ ಇನ್ನೂ ನೀಲಿ ಪರದೆಯ ಟರ್ಬೊ ಸಿ ಎಂಬ ಹಳೆಯ ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ತಂತ್ರಾಂಶ) ಓಡುತ್ತಿದೆ. ಅದು 1990ರ ದಶಕದ ಆರಂಭದ ಸರಕು. ಅದರಲ್ಲಿ ಮಾಮೂಲಿ ಪೂರ್ಣಾಂಕಕ್ಕೆ 16 ಬಿಟ್ (0 ಅಥವಾ 1 ಹಿಡಿಯುವ ಮನೆ) ಜಾಗ ಮಾತ್ರ, 32767 ದಾಟಿದರೆ ಸಂಖ್ಯೆ ಮೈನಸ್ ಕಡೆಗೆ ತಿರುಗುತ್ತದೆ. 40320ರಲ್ಲಿ 65536 ಕಳೆದರೆ ಬರುವುದೇ ಆ ಮೈನಸ್ 25216. ಈಗಿನ ಜಿಸಿಸಿ ಕಂಪೈಲರ್‌ನಲ್ಲಿ 12ರವರೆಗೆ ಸರಿಯಾಗಿ ಬರುತ್ತದೆ, 13ಕ್ಕೆ 1932053504 ಎಂಬ ತಪ್ಪು ಉತ್ತರ ಕೊಡುತ್ತದೆ, ಏಕೆಂದರೆ ಅಲ್ಲಿ 32 ಬಿಟ್ ತುಂಬಿತು. ಟರ್ಬೊ ಸಿ ಕಂಡಮಾತ್ರಕ್ಕೆ ಕಾಲೇಜು ಬೇಡ ಎನ್ನಬೇಡಿ. ಉತ್ತರ ಏಕೆ ತಪ್ಪಿತು ಎಂದು ಆ ಹುಡುಗಿಯನ್ನು ಕೇಳಿ. ಅವಳು ಬಿಟ್ಟಿನ ಲೆಕ್ಕ ಹೇಳಿದರೆ ಅಲ್ಲಿ ಪಾಠ ನಡೆಯುತ್ತಿದೆ. "ರೆಕಾರ್ಡ್ ಬುಕ್ಕಿನಾಗ ಹಂಗೇ ಐತ್ರಿ" ಎಂದರೆ ಅಲ್ಲಿ ನಡೆಯುತ್ತಿರುವುದು ನಕಲು. ಹಳೆಯ ಕಂಪೈಲರ್ ಇದ್ದರೆ ನಿಮ್ಮ ಮಗಳು ಪರೀಕ್ಷೆಗೆ ಅದನ್ನು, ತನ್ನ ಲ್ಯಾಪ್‌ಟಾಪ್‌ನಲ್ಲಿ ಜಿಸಿಸಿ ಬಳಸಲಿ. ಟರ್ಬೊ ಸಿಯಲ್ಲಿ ಕಲಿತ, ಪರದೆ ಅಳಿಸುವ 'ಕ್ಲಿಯರ್ ಸ್ಕ್ರೀನ್' ಜಿಸಿಸಿಯಲ್ಲಿ ಓಡುವುದಿಲ್ಲ. 'ಗೆಟ್ಸ್' ಎಂಬ ಫಂಕ್ಷನ್ನನ್ನು 2011ರ ಸಿ ಮಾನಕದಿಂದಲೇ ತೆಗೆದು ಹಾಕಿದ್ದಾರೆ. ಬಳಕೆದಾರ ಎಷ್ಟು ಅಕ್ಷರ ಒತ್ತುತ್ತಾನೆಂದು ಅದು ನೋಡುವುದೇ ಇಲ್ಲ, ಜಾಗ ಮೀರಿ ಪಕ್ಕದ ಮೆಮೊರಿ ಕೆಡಿಸುತ್ತದೆ.

ಮಠದ ಕಾಲೇಜಿಗೆ ಸೇರುವುದರಲ್ಲಿ ಒಂದು ಲಾಭವಿದೆ, ಅದನ್ನು ಯಾರೂ ಹೇಳುವುದಿಲ್ಲ. ಕಣ್ಣೆದುರೇ ನಿಜವಾದ ಕೆಲಸ ಬಿದ್ದಿರುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಎಂದರೆ ದುಡ್ಡು ಕೊಟ್ಟು 'ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಂ' ತಂದು ಬೈಂಡ್ ಮಾಡಿಸುವ ಚಾಳಿ ಎಲ್ಲ ಕಡೆ ಇದೆ. ಸಂದರ್ಶನದಲ್ಲಿ "ಈ ಟೇಬಲ್ಲಿಗೆ ಈ ಕಾಲಂ ಯಾಕೆ" ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಅದರ ಬದಲು ಪ್ರಸಾದ ನಿಲಯದ ಊಟದ ಲೆಕ್ಕ ಮಾಡಲಿ: ನಾಳೆ ಊಟಕ್ಕೆ ಎಷ್ಟು ಮಂದಿ ಇರುತ್ತಾರೆ, ಅಕ್ಕಿ ಎಷ್ಟು ಹಾಕಬೇಕು. ತಲೆಗೆ 150 ಗ್ರಾಂ ಹಿಡಿದರೆ 300 ಮಂದಿಗೆ 45 ಕೆಜಿ. ಶನಿವಾರ 80 ಹುಡುಗಿಯರು ಊರಿಗೆ ಹೋದದ್ದು ಅಡುಗೆಯವರಿಗೆ ಗೊತ್ತಾಗದಿದ್ದರೆ 12 ಕೆಜಿ ಅಕ್ಕಿ ಹೆಚ್ಚು. ಕೇಳಲು ಸಣ್ಣದು, ಮಾಡಲು ಕೂತರೆ ಡೇಟಾಬೇಸ್ ಪಾಠವೆಲ್ಲ ಅದರಲ್ಲೇ ಇದೆ. ಒಂದೇ ಹಾಸ್ಟೆಲಿನಲ್ಲಿ ನಾಲ್ಕು ಜನ ಶರಣಮ್ಮ ಇರುತ್ತಾರೆ, ಹೆಸರಿನಿಂದ ಹುಡುಕಿದರೆ ಒಬ್ಬಳ ರಜೆ ಇನ್ನೊಬ್ಬಳಿಗೆ ಬೀಳುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. 05-06 ಎಂದರೆ ಜೂನ್ ಐದೋ ಮೇ ಆರೋ? ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಇಡಬೇಕು. ಅಮಾವಾಸ್ಯೆ, ಜಾತ್ರೆಗೆ ಬರುವ ಅತಿಥಿಗಳನ್ನು ಎಲ್ಲಿ ಸೇರಿಸುವುದು? ವಾರ್ಡನ್ ನಿಜವಾಗಿ ಬಳಸಿ ಬೈದಾಗ ಕಲಿಯುವುದು ಯಾವ ಲ್ಯಾಬಿನಲ್ಲೂ ಸಿಗದು.

ಇಂಥ ಕೆಲಸದಲ್ಲಿ ಮೊದಲ ದಿನವೇ ಎದುರಾಗುವುದು ಕನ್ನಡ. ಮಠದ ಕಚೇರಿಯ ಹಳೆಯ ಪಟ್ಟಿಗಳು ಬಹುಪಾಲು 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿರುತ್ತವೆ. ಅವುಗಳೊಳಗೆ ಇರುವುದು ಇಂಗ್ಲಿಷ್ ಅಕ್ಷರ ಸಂಕೇತಗಳೇ, ಫಾಂಟು ಮಾತ್ರ ಕನ್ನಡದ ಮುಖ ತೋರಿಸುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಿಸದೆ ಹುಡುಕಲೂ ಆಗದು, ಅಕಾರಾದಿ ಜೋಡಿಸಲೂ ಆಗದು. ಬದಲಿಸುವಾಗ ಅರ್ಕಾವತ್ತು ಕಾಟ ಕೊಡುತ್ತದೆ: 'ಧರ್ಮ'ದಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು 'ಮ' ಆದ ಮೇಲೆ ಇಡುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರುತ್ತದೆ. ಪರಿವರ್ತಕ ಬಳಸಿದ ಮೇಲೆ ಅರ್ಕಾವತ್ತಿರುವ ಹೆಸರುಗಳನ್ನಷ್ಟೇ ಬೇರೆ ತೆಗೆದು ಕಣ್ಣಾರೆ ನೋಡಬೇಕು.

ಆಮೇಲೆ ವಿಂಡೋಸ್‌ನಲ್ಲಿ ಪೈಥಾನ್‌ನಿಂದ ಕಡತಕ್ಕೆ ಬರೆದರೆ 'ಚಾರ್‌ಮ್ಯಾಪ್' ಎಂಬ ಪದವಿರುವ ದೋಷ ಬರುತ್ತದೆ. ಕಡತ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ಕ್ರಮ) ಎಂದು ಬರೆಯದಿದ್ದದ್ದೇ ಕಾರಣ. ಅದೇ ಕಡತ ಎಕ್ಸೆಲ್‌ನಲ್ಲಿ ತೆರೆದರೆ ಗೀಜುಗೀಜು ಕಂಡರೆ 'ಯುಟಿಎಫ್-8-ಸಿಗ್' ಎಂದು ಉಳಿಸಬೇಕು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಟೇಬಲ್ ಕನ್ನಡ ಹಿಡಿಯದ 'ಲ್ಯಾಟಿನ್-1' ಆಗಿ ರಚನೆಯಾಗಿರಬಹುದು. 'ಯುಟಿಎಫ್-8-ಎಂಬಿ-4' ಮಾಡಿ ದತ್ತಾಂಶ ಮತ್ತೆ ತುಂಬಬೇಕು, ಒಮ್ಮೆ ಪ್ರಶ್ನಾರ್ಥಕವಾದದ್ದು ತಿರುಗಿ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ: 'ಕೊಪ್ಪಳ' ನಮ್ಮ ಕಣ್ಣಿಗೆ ಮೂರು ಅಕ್ಷರ, ಪೈಥಾನ್ ಸ್ವರಚಿಹ್ನೆ, ಹಲಂತವನ್ನೂ ಬೇರೆಯಾಗಿ ಎಣಿಸಿ 6 ಎನ್ನುತ್ತದೆ, ಡಿಸ್ಕಿನಲ್ಲಿ 18 ಬೈಟ್. ಯಾರಾದರೂ ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಬೇರೆ ಬೇರೆ ಒತ್ತಿ 'ಕೊ' ಮಾಡಿದ್ದರೆ ಅದೇ ಪದ 7 ಆಗುತ್ತದೆ. ನೋಡಲು ಎರಡೂ ಒಂದೇ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಪೈಥಾನ್‌ನ 'ಯೂನಿಕೋಡ್ ಡೇಟಾ' ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು ಉಳಿಸಿದರೆ ಇದು ಸರಿಹೋಗುತ್ತದೆ. ಇಷ್ಟನ್ನು ಸ್ವಂತ ಬಿಡಿಸಿದ ಹುಡುಗಿ ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಬಲ್ಲಳು. ಒಂದು ಎಚ್ಚರ ಮಾತ್ರ ಇರಲಿ, ವಿದ್ಯಾರ್ಥಿನಿಯರ ಫೋನ್, ಆಧಾರ್ ಸಂಖ್ಯೆ ಇರುವ ಕಡತವನ್ನು ಗಿಟ್‌ಹಬ್‌ಗೆ ಏರಿಸಕೂಡದು. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಹಿಂದಿನ ಪ್ರತಿಯ ದಾಖಲೆ) ಅದು ಉಳಿದೇ ಇರುತ್ತದೆ.

ಲ್ಯಾಪ್‌ಟಾಪ್ ಹೊಸದೇ ಬೇಕಿಲ್ಲ. ಕಂಪನಿಗಳು ಬಳಸಿ ಬಿಟ್ಟ, ರಿಪೇರಿ ಮಾಡಿದ ಗಟ್ಟಿ ಮಾದರಿ ಸಾಕು: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಹಾರ್ಡ್‌ಡಿಸ್ಕ್ ಇರುವುದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಬೇಕಾದರೆ ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಇರಬೇಕು. ಹಳೆಯದು ಸಿಕ್ಕರೆ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿ, ಕ್ರ್ಯಾಕ್ ಮಾಡಿದ ವಿಂಡೋಸ್ ಬೇಡ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಾಸಿಗೆ ಮೇಲಿಟ್ಟು ಬಳಸಿದರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ತಾನೇ ವೇಗ ತಗ್ಗಿಸುತ್ತದೆ. ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ.

ಹಣ, ಮುಂದಿನ ಓದು. ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಪ್ರಮಾಣಪತ್ರ ಈಗಲೇ ಮಾಡಿಸಿ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ 70%, ರಾಜ್ಯದ ಉಳಿದೆಡೆ 8% ಸೀಟು ಈ ಭಾಗದವರಿಗಿದೆ, ಬಿಸಿಎ ನಂತರ ಎಂಸಿಎ ಎಂಬ ಸ್ನಾತಕೋತ್ತರ ಪದವಿಗೆ ಹೋಗುವಾಗ ಉಪಯೋಗ. ಎಂಸಿಎ ಈಗ ಎರಡೇ ವರ್ಷ, ಸೀಟು ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ. ಸ್ಕಾಲರ್‌ಶಿಪ್‌ಗೆ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು, ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಹಣ ನಿಲ್ಲುವುದು ಸಾಮಾನ್ಯವಾಗಿ ಇಲ್ಲೇ. ಕೆಲಸಕ್ಕೆ ಎಂಜಿನಿಯರಿಂಗೇ ಆಗಬೇಕೆಂದಿಲ್ಲ: ವಿಪ್ರೊದ ವಿಲ್ಪ್ ಎಂಬ ಯೋಜನೆಯಲ್ಲಿ ಬಿಸಿಎ, ಬಿಎಸ್ಸಿ ಆದವರನ್ನು ಕೆಲಸಕ್ಕೆ ತೆಗೆದುಕೊಂಡು ಜತೆಗೇ ಎಂ.ಟೆಕ್ ಓದಿಸುತ್ತಾರೆ. ಬಹಳ ಕಂಪನಿಗಳು 60% ಅಂಕ ಕೇಳುತ್ತವೆ, ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ಅದಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಲಿ. ಕೆಲಸ ಕೊಡಿಸುತ್ತೇವೆ, ಡಿಪಾಜಿಟ್ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾಮರ್ಸ್‌ನಲ್ಲಿ ಆಕೆ ಗಣಿತ ತೆಗೆದುಕೊಂಡಿದ್ದಳೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ, ಆ ಕಾಲೇಜಿನ ಬಿಸಿಎ ಪಠ್ಯಕ್ರಮದಲ್ಲಿ ಗಣಿತದ ಪತ್ರಿಕೆ ಇದೆಯೇ ನೋಡಿಕೊಂಡೇ ಸೇರಿಸಿ. ಎಂಸಿಎ ಪ್ರವೇಶಕ್ಕೆ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕೆಂಬ ಷರತ್ತು ಕೆಲವೆಡೆ ಎದುರಾಗುತ್ತದೆ, ಆಗ ತೋರಿಸಲು ಆ ಅಂಕಪಟ್ಟಿ ಬೇಕು.

— ಸಂ.