ಸಿಕ್ಕಿಂ ಶಾಸಕರ ಮತಕ್ಕೆ ಬರೀ ಏಳೇನಾ ಬೆಲೆ?

ಪ್ರಶ್ನೆ: ನನ್ನ ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಶಾಸಕರ ಒಂದು ಮತಕ್ಕೆ 131 ಬೆಲೆ, ಸಿಕ್ಕಿಂ ಶಾಸಕರದ್ದಕ್ಕೆ ಬರೀ 7 ಅಂತ ಅವಳ ನೋಟ್ಸ್‌ನಲ್ಲಿ ನೋಡಿದೆ. ಅವರನ್ನೂ ಜನರೇ ಆರಿಸಿ ಕಳಿಸಿದ್ದು ಅಲ್ವಾ? ಚಿಕ್ಕ ರಾಜ್ಯ ಅಂತ ಹೀಗೆ ಮಾಡಬಹುದಾ? 2022ರಲ್ಲಿ ಅವರು ಯಾರಿಗೆ ಮತ ಹಾಕಿದರು ಅಂತಲೂ ತಿಳಿಸಿ.
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. 2022ರ ಜುಲೈ 18ರಂದು ಮತದಾನ ನಡೆಯಿತು. ಸಿಕ್ಕಿಂನ 32 ಶಾಸಕರ ಮತಗಳೂ ದ್ರೌಪದಿ ಮುರ್ಮು ಅವರಿಗೇ ಬಿದ್ದವು. ಯಶವಂತ ಸಿನ್ಹಾ ಅವರಿಗೆ ಅಲ್ಲಿಂದ ಒಂದೂ ಬರಲಿಲ್ಲ. 32 ಮತ, ಒಂದೊಂದಕ್ಕೆ 7, ಒಟ್ಟು 224. ನಮ್ಮ ವಿಧಾನಸಭೆಯಲ್ಲಿ ಶಾಸಕರ ಸಂಖ್ಯೆಯೇ ಅಷ್ಟಿದೆ ನೋಡಿ. ದೇಶದ ಲೆಕ್ಕದಲ್ಲಿ ಮುರ್ಮು ಅವರಿಗೆ 6,76,803, ಸಿನ್ಹಾ ಅವರಿಗೆ 3,80,177 ಬಂತು. ಆ 224 ಯಾವ ಕಡೆ ಹೋಗಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

ಈಗ ಏಳರ ವಿಷಯ. ಬೆಲೆ ಇರುವುದು ಶಾಸಕರಿಗಲ್ಲ, ಅವರ ಹಿಂದಿರುವ ಜನರಿಗೆ. 1971ರ ಜನಗಣತಿಯಲ್ಲಿದ್ದ ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸುತ್ತಾರೆ, ಅಷ್ಟೇ. 1971ರಲ್ಲಿ ಸಿಕ್ಕಿಂ ಜನಸಂಖ್ಯೆ 2,09,843. ಅದನ್ನು 32ರಿಂದ ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ ಆರೂವರೆ ಸಾವಿರ ಜನ. ಹಾಗಾಗಿ 7. ನಮ್ಮಲ್ಲಿ ಆಗ ಇದ್ದದ್ದು 2.93 ಕೋಟಿ ಜನ, ಒಬ್ಬ ಶಾಸಕರ ಪಾಲಿಗೆ ಸುಮಾರು 1.31 ಲಕ್ಷ. ಅದಕ್ಕೇ 131. ಅಷ್ಟು ಕಡಿಮೆ ಜನರಿಗೆ 32 ಶಾಸಕರು ಸಿಕ್ಕಿದ್ದಾರೆ ಅನ್ನುವುದನ್ನೂ ನೋಡಬೇಕು. ಅಲ್ಲಿನ ಹಳ್ಳಿಯವರಿಗೆ ತಮ್ಮ ಶಾಸಕರು ಕೈಗೆ ಸಿಗುವಷ್ಟು ಸುಲಭವಾಗಿ ನಮಗೆ ಸಿಗುವುದಿಲ್ಲ.

ಇನ್ನೊಂದು ಲೆಕ್ಕ ಇದೆ, ಅದನ್ನು ನಿಮ್ಮ ಮಗಳಿಗೆ ಹೇಳಲೇಬೇಕು. ಸಂಸದರ ಮತಕ್ಕೆ ರಾಜ್ಯ ಯಾವುದಾದರೂ ಒಂದೇ ಬೆಲೆ. 2022ರಲ್ಲಿ ಅದು 700 ಇತ್ತು. ಸಿಕ್ಕಿಂಗೆ ಲೋಕಸಭೆಯಲ್ಲಿ ಒಬ್ಬರು, ರಾಜ್ಯಸಭೆಯಲ್ಲಿ ಒಬ್ಬರು. ಅಂದರೆ ಅವರಿಬ್ಬರದ್ದೇ 1,400, ಇಡೀ ವಿಧಾನಸಭೆಯ ಆರು ಪಟ್ಟಿಗೂ ಜಾಸ್ತಿ! ಎಲ್ಲ ಸೇರಿಸಿದರೆ ಸಿಕ್ಕಿಂಗೆ 1,624. ನಮಗೆ 224 ಶಾಸಕರು, 40 ಸಂಸದರು ಸೇರಿ 57,344. ಇದನ್ನು ಅದೇ 1971ರ ಜನಸಂಖ್ಯೆಗೆ ಹಂಚಿ ನೋಡಿ. ಸಿಕ್ಕಿಂನ ಸಾವಿರ ಜನರ ಪಾಲಿಗೆ ಏಳೂಮುಕ್ಕಾಲು ಬರುತ್ತದೆ, ನಮ್ಮ ಸಾವಿರ ಜನರಿಗೆ ಎರಡೂ ಪೂರ್ತಿ ಬರುವುದಿಲ್ಲ. ತಲೆಲೆಕ್ಕದಲ್ಲಿ ಅವರ ತೂಕವೇ ನಮಗಿಂತ ಸುಮಾರು ನಾಲ್ಕು ಪಟ್ಟು. ಇದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಚಿಕ್ಕವರ ದನಿ ಕೇಳಬೇಕಾದರೆ ಅವರಿಗೆ ಒಂದಿಷ್ಟು ಹೆಚ್ಚಿಗೆ ಕೊಡಲೇಬೇಕು.

ಪ್ರಶ್ನೆ: ಅದೇ ಹಳೇ 1971ರ ಜನಗಣತಿ ಯಾಕೆ ಹಿಡಿದುಕೊಂಡಿದ್ದಾರೆ? ಹೊಸ ಲೆಕ್ಕ ತಗೊಂಡರೆ ಏನಾಗುತ್ತೆ?
– ಶಿಕ್ಷಕಿ, ಶಿರಸಿ

ಉತ್ತರ: ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಅದೇ ಕಾರಣಕ್ಕೆ ನಷ್ಟ ಆಗಬಾರದು ಅಂತ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯಲ್ಲಿ ಇದನ್ನು ಕಟ್ಟಿಹಾಕಿದರು. ಆಮೇಲೆ 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಅಂತ ಮುಂದುವರಿಸಿದರು. ಸುಮ್ನೆ ಒಂದು ಲೆಕ್ಕ ಮಾಡಿ ನೋಡಿದೆ. ಶಾಸಕರ ಸಂಖ್ಯೆ ಈಗಿನಷ್ಟೇ ಇಟ್ಟು 2011ರ ಜನಸಂಖ್ಯೆ ಹಾಕಿದರೆ ಸಿಕ್ಕಿಂನ 7 ಹೋಗಿ 19 ಆಗುತ್ತದೆ. ನಮ್ಮ 131, 273 ಆಗುತ್ತದೆ. ಏರಿತಲ್ಲ ಅಂತ ಖುಷಿಪಡುವಂತಿಲ್ಲ, ಯಾಕೆಂದರೆ ಉತ್ತರ ಪ್ರದೇಶದ 208 ಸೀದಾ 496ಕ್ಕೆ ಹೋಗುತ್ತದೆ, ಕೇರಳದ 152 ಮಾತ್ರ 239ಕ್ಕೇ ನಿಂತುಬಿಡುತ್ತದೆ. ಶಾಲೆ, ಆಸ್ಪತ್ರೆ, ತಾಯಂದಿರ ಆರೋಗ್ಯ ಅಂತ ದಶಕಗಟ್ಟಲೆ ದುಡಿದ ರಾಜ್ಯಕ್ಕೆ ಇದು ಸಿಗಬೇಕಾದ ಪ್ರತಿಫಲ ಅಲ್ಲ. ಈ ಚರ್ಚೆ ಬಂದಾಗ ನಮ್ಮ ಸಂಸದರು, ಪಕ್ಷ ಯಾವುದೇ ಇರಲಿ, ಗಟ್ಟಿಯಾಗಿ ಮಾತಾಡಬೇಕು.

ಪ್ರಶ್ನೆ: ಪಕ್ಷ ಹೇಳಿದವರಿಗೇ ಶಾಸಕರು ಮತ ಹಾಕಬೇಕಾ? ಚಿಕ್ಕ ರಾಜ್ಯದ ಮತದಿಂದ ಯಾರಾದರೂ ಗೆಲ್ಲುವುದು ಉಂಟಾ?
– ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಉತ್ತರ: ಇಲ್ಲಿ ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ನಡೆಯುವುದಿಲ್ಲ, ಮತವೂ ಗುಪ್ತ. ಶಾಸಕರಿಗೆ ಗುಲಾಬಿ ಬಣ್ಣದ ಮತಪತ್ರ, ಸಂಸದರಿಗೆ ಹಸಿರು. ಚುನಾವಣಾ ಆಯೋಗ ಕೊಟ್ಟ ನೇರಳೆ ಶಾಯಿಯ ಪೆನ್ನಿನಲ್ಲೇ ಮೊದಲ ಆಯ್ಕೆಯ ಹೆಸರಿನ ಎದುರು 1, ಎರಡನೆಯದರ ಎದುರು 2 ಅಂತ ಬರೆಯಬೇಕು. ಅಷ್ಟು ಹೇಳಿಕೊಟ್ಟರೂ 2022ರಲ್ಲಿ 53 ಮತಗಳು ಕುಲಗೆಟ್ಟವು. ಕಾನೂನು ಮಾಡುವವರೇ ಮತಪತ್ರ ತುಂಬುವುದರಲ್ಲಿ ತಪ್ಪುವುದು ಬೇಸರದ ಸಂಗತಿ.

ಆ 2 ಅನ್ನುವ ಅಂಕಿಗೆ ಎಷ್ಟು ಬಲ ಇದೆ ಅಂತ 1969ರಲ್ಲಿ ಗೊತ್ತಾಯಿತು. ನೀಲಂ ಸಂಜೀವ ರೆಡ್ಡಿ ಅವರನ್ನು ಕಾಂಗ್ರೆಸ್ ಅಭ್ಯರ್ಥಿ ಅಂತ ತೀರ್ಮಾನಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಆಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತ ಹಾಕಿ ಅಂದರು. ಗೆಲ್ಲಲು 4,18,169 ಬೇಕಿತ್ತು, ಮೊದಲ ಸುತ್ತಿನಲ್ಲಿ ಯಾರಿಗೂ ಬರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಸೇರಿಸಿದ ಮೇಲೆ ರೆಡ್ಡಿ ಅವರ ಎದುರು ನಿಂತಿದ್ದ ವಿ.ವಿ. ಗಿರಿ 4,20,077ಕ್ಕೆ ಮುಟ್ಟಿದರು. ಬೇಕಾದ್ದಕ್ಕಿಂತ ಬರೀ 1,908 ಜಾಸ್ತಿ. ಸಿಕ್ಕಿಂನ 1,624ರ ಪಕ್ಕ ಇದನ್ನು ಇಟ್ಟು ನೋಡಿ.

ಆಗ ಸಿಕ್ಕಿಂ ಇನ್ನೂ ರಾಜರ ನಾಡು. ನಮ್ಮ ದೇಶದ ರಾಜ್ಯ ಆದದ್ದು 1975ರಲ್ಲಿ. 1977ರಲ್ಲಿ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದ್ದರಿಂದ ಮತದಾನವೇ ಇರಲಿಲ್ಲ. ಹಾಗಾಗಿ ಅಲ್ಲಿನ ಶಾಸಕರಿಗೆ ರಾಷ್ಟ್ರಪತಿ ಚುನಾವಣೆಯ ಮತಪತ್ರ ಮೊದಲ ಸಲ ಸಿಕ್ಕಿದ್ದು 1982ರಲ್ಲಿ, ಜೈಲ್ ಸಿಂಗ್ ಮತ್ತು ನ್ಯಾಯಮೂರ್ತಿ ಎಚ್.ಆರ್. ಖನ್ನಾ ನಿಂತಾಗ. ಆ 32ರಲ್ಲಿ ಒಂದು ಸ್ಥಾನ ಬೌದ್ಧ ಮಠಗಳಿಗೆ ಮೀಸಲು, ಆ ಶಾಸಕರನ್ನು ಆರಿಸುವವರು ಭಿಕ್ಷುಗಳು ಮತ್ತು ಭಿಕ್ಷುಣಿಯರು. ಅವರ ಏಳು ಕೂಡ ಇದೇ ಪೆಟ್ಟಿಗೆಯಲ್ಲಿ ದೆಹಲಿಗೆ ಹೋಗುತ್ತದೆ. ವಿಮಾನದಲ್ಲಿ ಈ ಮತಪೆಟ್ಟಿಗೆಗೆ ಅಂತಲೇ ಬೇರೆ ಟಿಕೆಟ್ ಮಾಡಿಸಿ, ಕಾವಲಿನ ಅಧಿಕಾರಿಯ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ಹೋಗುತ್ತಾರೆ.